ಹೊಳೆ ದಾಟದ ಪೇಟೆಂಟು

ತಿರುಗಿ ನೋಡಿದೆ. ದಿಮ್ಮಿ ತುಂಬಿದ ಎತ್ತಿನ ಗಾಡಿ ನನ್ನ ಮೇಲೇ ಬರುತ್ತಿತ್ತು!

ಕೊಡಗಿನ ಇಳಿಜಾರು. ಒಂದು ಕಡೆ ದರೆ, ಇನ್ನೊಂದು ಕಡೆ ಕಮರಿ. ಗಾಡಿಯವನು ಬಾರುಕೋಲು ಬೀಸುತ್ತಲೇ ಇದ್ದ. ಓಡಲು ಜಾಗವಿರಲಿಲ್ಲ. ಕಣ್ಣು ಮುಚ್ಚಿಕೊಂಡೆ.

ಕಿರ್ರ್...

ಕಣ್ಣು ಬಿಟ್ಟರೆ ನೊಗ ಎದೆಗೆ ತಾಗಿತ್ತು. ನನ್ನನ್ನು ಕಂಡು ಎತ್ತುಗಳು ಹಿಂದಕ್ಕೆ ಜಗ್ಗಿದ್ದವು. ಗಾಡಿ ನಿಂತಿತ್ತು.

ನನ್ನ ಪ್ರಾಣ ಉಳಿಸಿದ್ದು ನಾನು ಹುಡುಕಿಕೊಂಡು ಬಂದಿದ್ದ ಕಳವಿನ ಮಾಲೇ!

ಆ ಮಾಲು ಹುಣಸೂರಿನ ಗಾಡಿ ಕಮ್ಮಾರ ನಜೀರನದು. ಕೊಡಗಿನಿಂದ ಮರ ತರುವಾಗ ಎತ್ತುಗಳು ಇಳಿಜಾರಿನಲ್ಲಿ ಕಾಲು ಮುರಿದುಕೊಳ್ಳುವುದನ್ನು ನೋಡಲಾರದೆ ಒಂದು ಬ್ರೇಕು ಕಂಡುಹಿಡಿದಿದ್ದ. ಎತ್ತು ಹಿಂದಕ್ಕೆ ಜಗ್ಗಿದರೆ ಸಾಕು. ನೊಗಕ್ಕೆ ಕಟ್ಟಿದ ಸರಳು ಮರದ ತುಂಡನ್ನು ಚಕ್ರಕ್ಕೆ ಒತ್ತುತ್ತದೆ. ಅದಕ್ಕೆ ಪೇಟೆಂಟ್ ಮಾಡಿಸಲು ಬೆಂಗಳೂರಿಗೆ ಅಲೆದೂ ಅಲೆದೂ ತನ್ನ ಕುಲುಮೆಯನ್ನೇ ಮಾರಿಕೊಂಡ. ಹೆಂಡತಿ ಜಾನ್ ಬೀ ಬೇಡವೆಂದರೂ ಕೇಳಲಿಲ್ಲ. ಮಹಾರಾಜರ ಮುದ್ರೆ ಬಿದ್ದರೆ ಯಾರೂ ಮುಟ್ಟುವುದಿಲ್ಲ ಎಂದು ನಂಬಿದ್ದ.

ಮುದ್ರೆ ಬಿತ್ತು. ಬ್ರೇಕು ಕೇಳಿಕೊಂಡು ಒಬ್ಬನೂ ಬರಲಿಲ್ಲ. ಮರದ ಕಂಟ್ರಾಕ್ಟರ್ ಶಿವನಂಜಪ್ಪನ ಗಾಡಿಗಳು ಮಾತ್ರ ಸಲೀಸಾಗಿ ಇಳಿಯತೊಡಗಿದವು. ಆಗ ನಜೀರ್ ನನ್ನ ಹತ್ತಿರ ಬಂದ. ನಾನು ಅಣ್ಣಯ್ಯ, ಕೆಲಸ ಕಳೆದುಕೊಂಡ ಪೊಲೀಸ್ ದಫೇದಾರ. ಕೋರ್ಟು ಮುಗಿಸದ ಕೆಲಸಗಳು ನನ್ನ ಪಾಲಿಗೆ ಬರುತ್ತವೆ.

"ಅಣ್ಣಯ್ಯನೋರೆ, ಒಂದು ಬ್ರೇಕು ತಂದ್ಕೊಡಿ. ಜಡ್ಜಿ ಮುಂದೆ ಇಟ್ಬುಡ್ತೀನಿ. ನನ್ ಕುಲುಮೆ ವಾಪಸ್ ಬತ್ತದೆ," ಎಂದಿದ್ದ.

ಈಗ ಗಾಡಿ ನಿಂತದ್ದೇ ಗಾಡಿಯವನು ಕೆಳಗೆ ಹಾರಿದ. ಅವನ ದವಡೆಗೆ ಒಂದು ಬಿಟ್ಟೆ. ಸರಳು, ಮರದ ತುಂಡು ಎರಡನ್ನೂ ಕಿತ್ತುಕೊಂಡು, ದರೆಗೆ ಒರಗಿಸಿದ್ದ ನನ್ನ ಸೈಕಲ್ ಹತ್ತಿದೆ. ಹಿಂದೆ ಮಚ್ಚು ಹಿಡಿದ ಶಿವನಂಜಪ್ಪನ ಆಳುಗಳಿಬ್ಬರು, ಅವರದೂ ಸೈಕಲ್ಲೇ! ಕಾವೇರಿ ಸೇತುವೆ ದಾಟಿದರೆ ಮೈಸೂರು ಸೀಮೆ. ಜೀವ ಬಾಯಿಗೆ ಬಂದರೂ ತುಳಿದೆ...

ಸೇತುವೆಗೆ ಅಡ್ಡ ಒಂದು ಕಾರು ನಿಂತಿತ್ತು. ಒಳಗೆ ಶಿವನಂಜಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. ಇದು ಸಾಕ್ಷಿ, ಕೋರ್ಟಿನಲ್ಲಿ ನೋಡೋಣ ಎಂದೆ. ಅವನು ಮಚ್ಚಿನವರನ್ನು ತಡೆದ. ಕಾರು ಪಕ್ಕಕ್ಕೆ ಸರಿಸಲು ಡ್ರೈವರಿಗೆ ಹೇಳಿದ.

"ತಗಂಡೋಗು. ನಿನ್ ಸಾಬಿ ಪೇಟೆಂಟು ಮೈಸೂರಿಗೆ ಮಾತ್ರ ಕಣಯ್ಯ. ಇದು ಕೊಡಗು, ಇಂಗ್ಲೀಷರದು. ಇಲ್ಲೇ ಮಾಡಿಸ್ತೀನಿ, ಇಲ್ಲೇ ಕಟ್ತೀನಿ, ಸೇತುವೆ ತಾವ ಬಿಚ್ಚಿಡ್ತೀನಿ. ಆ ಕಡೆ ನೆಲ ಮಟ್ಟಸ. ಬ್ರೇಕು ಯಾಕೆ ಬೇಕು?"

ನಕ್ಷೆ ಎಲ್ಲಿ ಸಿಕ್ಕಿತು ಎಂದು ಕೇಳಿದೆ.

"ಪೇಟೆಂಟ್ ಆಫೀಸಲ್ಲೇ. ಯಾರ್ ಬೇಕಾದ್ರೂ ನೋಡ್ಬೋದು. ಕಾಯಿದೆನೇ ಅಂಗೈತೆ."

ಮತ್ತೆ ನನ್ನ ಮೇಲೆ ಗಾಡಿ ಹರಿಸಿದ್ದೇಕೆ? ನಾನು ಅವನ ಗಾಡಿಗಳ ಬೆನ್ನು ಬಿದ್ದಿದ್ದಕ್ಕಂತೆ!

ಹುಣಸೂರಿನ ವಕೀಲರೂ ಅದನ್ನೇ ಹೇಳಿದರು. ಇಂಗ್ಲೀಷರ ಪೇಟೆಂಟ್ ಆಫೀಸಿರುವ ಕಲ್ಕತ್ತಾಕ್ಕೂ ಆಗಲೇ ಅರ್ಜಿ ಹಾಕಬೇಕಿತ್ತು. ಈಗ ನಕ್ಷೆ ಲೋಕಕ್ಕೇ ಗೊತ್ತಾಗಿದೆ, ಆಗುವುದಿಲ್ಲ. ನನಗೆ ಮೈ ಉರಿಯಿತು. ಕಳ್ಳನನ್ನು ಹಿಡಿದಿದ್ದೆ, ಮಾಲು ಹಿಡಿದಿದ್ದೆ, ಆದರೆ ಕಳವೇ ಆಗಿಲ್ಲವಂತೆ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಜೀರ್ ಈಗ ಬೇರೆಯವರ ಕುಲುಮೆಯಲ್ಲಿ ಕೂಲಿಗೆ ಸುತ್ತಿಗೆ ಹೊಡೆಯುತ್ತಾನೆ. ಬ್ರೇಕನ್ನು ಅವನ ಮುಂದಿಟ್ಟು ಎಲ್ಲ ಹೇಳಿದೆ. ತುಂಬ ಹೊತ್ತು ತಿರುಗಿಸಿ ನೋಡಿದ.

"ಗಾಡಿ ನಿಲ್ತಾ?"

"ನೊಗ ಎದೆಗೆ ತಾಗಿ ನಿಲ್ತು. ಅದಕ್ಕೇ ಬದುಕಿವ್ನಿ."

ಅವನ ಮುಖ ಅರೆಕ್ಷಣ ಅರಳಿ ಬಾಡಿತು. ಊಟ ತಂದಿದ್ದ ಜಾನ್ ಬೀ ಅಲ್ಲೇ ಇದ್ದಳು. ಪೇಟೆಂಟಿನಿಂದ ಏನೂ ದಕ್ಕುವುದಿಲ್ಲವಾ, ನಮ್ಮ ಹುಣಸೂರಿನ ಸುತ್ತಮುತ್ತ ಒಂದಾದರೂ ಇಳಿಜಾರು ಇಲ್ಲವಾ ಎಂದು ನನ್ನನ್ನೇ ಕೇಳಿದಳು.

ಇದೆ. ಬೆಟ್ಟದಪುರದ ಬೆಟ್ಟ. ಅದಕ್ಕೆ ಮೆಟ್ಟಿಲು ಕಟ್ಟಿದ್ದಾರೆ.