ಏಳನೆಯ ಸಾಲಿನ ಹೆಸರು

ಜುಲೈ ಒಂಬತ್ತು, ಮಂಗಳವಾರ. ಬೆಳಿಗ್ಗೆ ಏಳು ಹತ್ತರ ಸಮಯ. ಪೂಜೆ ಮುಗಿಸಿ ಬಂದ ಇನ್ಸ್‌ಪೆಕ್ಟರ್ ಷಡಕ್ಷರಿ ಗುಬ್ಬಿ ಠಾಣೆಯ ಮೆಟ್ಟಿಲು ಹತ್ತುತ್ತಿದ್ದ ಹಾಗೇ ಗುರುಪ್ರಕಾಶ್ ಎದುರಾದ. ನಿಟ್ಟೂರಿನ ಕಡೆಯವನು, ಅಲ್ಲಿನ ಶಾಲೆಯ ಪೋಷಕರ ಸಂಘದ ಕಾರ್ಯದರ್ಶಿ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ನಮ್ ಅಧ್ಯಕ್ಷರು ಸಾರ್, ಲಕ್ಷ್ಮೀಕಾಂತಣ್ಣ... ಶಾಲೆ ಗೇಟಲ್ಲೇ ಬಿದ್ದವ್ರೆ. ಉಸಿರಿಲ್ಲ."

ಏಳು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಎಂಟೂಕಾಲಿಗೆ ಷಡಕ್ಷರಿ ಮತ್ತು ಹೆಡ್ ಕಾನ್ಸ್‌ಟೇಬಲ್ ಅಫ್ತಾಬ್ ಸ್ಥಳದಲ್ಲಿದ್ದರು. ಗೇಟಿಗೆ ಹೊಸ ಕಮಾನು ಎದ್ದಿತ್ತು. ಗಾರೆ ಇನ್ನೂ ಹಸಿ. ಅದಕ್ಕೆ ದಿನಾ ಬೆಳಕು ಹರಿಯುವ ಮೊದಲೇ ನೀರು ಬಿಡುವುದು ಲಕ್ಷ್ಮೀಕಾಂತನ ಕೆಲಸ. ಅವನ ಕೈಜಾರಿದ ಪೈಪು ಇನ್ನೂ ಹರಿಯುತ್ತಲೇ ಇತ್ತು. ತಲೆಯ ಎಡಬದಿ ಒಡೆದಿತ್ತು. ಪಕ್ಕದಲ್ಲೇ ಗಾರೆಯವರು ಬಿಟ್ಟುಹೋದ ಸುತ್ತಿಗೆ. ಅಫ್ತಾಬ್ ಟೋಪಿ ತೆಗೆದು ತುಟಿಯಲ್ಲೇ ಏನನ್ನೋ ಹೇಳಿಕೊಂಡ. ಷಡಕ್ಷರಿಯ ಕೈ ತಾನಾಗಿ ಎದೆಯ ಲಿಂಗ ಮುಟ್ಟಿತು.

ಪಂಚನಾಮೆ ಬರೆಯುವಾಗ ಅವನ ಕಣ್ಣು ಕಂಬದ ಕಪ್ಪು ಕಲ್ಲಿನ ಮೇಲೆ ನಿಂತಿತು. ದಾನಿಗಳ ಹೆಸರಿನ ಹನ್ನೊಂದು ಸಾಲು. ಏಳನೆಯದು ಇಲ್ಲ. ಉಳಿಯಿಂದ ಕೆತ್ತಿ ತೆಗೆದಿದ್ದರು. ಆರಕ್ಕೂ ಎಂಟಕ್ಕೂ ಒಂದು ಗೀರು ತಾಗಿರಲಿಲ್ಲ.

"ಏಳನೇದು ಯಾರ್ದು?" ಜೊತೆಗೇ ಬಂದಿದ್ದ ಗುರುಪ್ರಕಾಶನನ್ನು ಕೇಳಿದ.

"ಗೊತ್ತಿಲ್ಲ ಸಾರ್. ಕಲ್ಲು ನಿನ್ನೆ ಸಂಜೆ ಕೂರಿಸಿದ್ದು, ನಾನಿನ್ನೂ ಓದಿರ್ಲಿಲ್ಲ. ಕೆತ್ತೋರಿಗೆ ಪಟ್ಟಿ ಕೊಟ್ಟಿದ್ದು ಅಧ್ಯಕ್ಷರೇ."

"ಇವರ ಮೇಲೆ ಯಾರಿಗೆ ಸಿಟ್ಟು?"

ಗುರುಪ್ರಕಾಶ್ ದನಿ ತಗ್ಗಿಸಿದ. "ಖುರ್ಷಿದ್ ಪಾಷಾಗೆ. ಸಂಘದ ದುಡ್ಡಲ್ಲಿ ಕಮಾನು ಬೇಡ, ರೈಲು ಹಳಿ ಆಚೆ ಮಕ್ಕಳಿಗೆ ವ್ಯಾನು ಮಾಡ್ಸಿ ಅಂತ ಡಿಸೆಂಬರ್ ಮೀಟಿಂಗಲ್ಲಿ ಕುರ್ಚಿ ಎತ್ತಿದ್ದ. ಕೈ ಎತ್ತಿಸ್ದಾಗ ಕಮಾನೇ ಗೆಲ್ತು. ಫೆಬ್ರವರೀಲಿ..." ಅವನು ಹಳಿಯ ಕಡೆ ನೋಡಿದ. "ಒಂದು ಮಗು ಹೋಯ್ತು ಸಾರ್. ಹಳಿ ದಾಟ್ತಾ."

ಹನ್ನೊಂದೂವರೆಗೆ ಖುರ್ಷಿದ್ ಪಾಷಾ ತುಮಕೂರಿನ ಬಟವಾಡಿಯ ಕ್ಲಿನಿಕ್ಕೊಂದರಲ್ಲಿ ಸಿಕ್ಕ. ಹೆಂಡತಿ ಕುಲ್ಸುಂ ಬೀಗೆ ಡ್ರಿಪ್ ಹಾಕಿದ್ದರು. ನಿನ್ನೆಯಿಂದಲೂ ಅವನು ಅಲ್ಲೇ ಇದ್ದಾನೆಂದು ನರ್ಸು ಹೇಳಿದಳು, ರಿಜಿಸ್ಟರೂ ಅದನ್ನೇ ಹೇಳಿತು.

"ಬಾಯಿ ಜೋರು ಅಂತ ಕೈನೂ ಜೋರು ಅನ್ಕೊಂಡ್ರಾ ಸಾರ್?"

"ಕುರ್ಚಿ ಎತ್ತಿದ್ದೆಯಲ್ಲ?"

"ಎತ್ತಿದ್ದೆ, ಇಳಿಸ್ದೆ. ನನ್ ಮಕ್ಕಳು ಹಳಿ ಈಚೆಯೋರು, ನನಗೇನು ವ್ಯಾನಿನ ಆಸೇನಾ? ಆಚೆಯೋನೇ ಕಮಾನಿಗೆ ಕೈ ಎತ್ತಿದ್ನಲ್ಲ, ಅದು ನೋಡಿ ಎದ್ದು ಮನೆಗೆ ಬಂದೆ."

"ಯಾರವನು?"

ಪಾಷಾ ಫೋನು ತೆಗೆದು ಪೋಷಕರ ಗ್ರೂಪಿಗೆ ಲಕ್ಷ್ಮೀಕಾಂತ್ ಹಿಂದಿನ ಸಂಜೆ ಹಾಕಿದ್ದ ಕಲ್ಲಿನ ಫೋಟೋ ತೋರಿಸಿದ. ಅಫ್ತಾಬ್ ಅದನ್ನು ದೊಡ್ಡದು ಮಾಡಿ ಓದಿದ. ಏಳನೆಯ ಸಾಲು: ಕುಮಾರಿ ನಂದಿತಾ ಸ್ಮರಣಾರ್ಥ, ತಂದೆ ರಾಮಾಂಜಿನಯ್ಯ.

"ಹೋದ ಮಗು ಇದೇನಾ?"

"ಹೂಂ. ಅವ್ನಿಗೆ ಹೊಡೀಬೇಡಿ ಸಾರ್" ಎಂದ ಪಾಷಾ. "ಹೊಡೆದ್ರೂ ಅವ್ನಿಗೆ ತಿಳಿಯಲ್ಲ."

ರಾಮಾಂಜಿನಯ್ಯನ ಮನೆಗೆ ಬೀಗ. ಮುಂಜಾನೆಯೇ ಬ್ಯಾಗಿಲ್ಲದೆ ಬಸ್ಸು ಹತ್ತಿದ, ಕುಣಿಗಲ್ ಕಡೆ ತಂಗಿ ಮನೆಗೆ ಇರಬೇಕು ಎಂದರು ಪಕ್ಕದವರು.

ಸಂಜೆ ನಾಲ್ಕು ನಲವತ್ತು, ಹುತ್ರಿದುರ್ಗ. ತಂಗಿ ಚಿಕ್ಕಗಂಗಮ್ಮನ ಜಗಲಿಯ ಮೇಲೆ ರಾಮಾಂಜಿನಯ್ಯ ಬೆಟ್ಟ ನೋಡುತ್ತ ಕೂತಿದ್ದ. ಜೀಪು ಕಂಡು ಎದ್ದು ನಿಂತ.

"ಅಣ್ಣ ಬಂದಾಗಿಂದ ನೀರೂ ಮುಟ್ಟಿಲ್ಲ ಕಣಪ್ಪ" ಎಂದಳು ತಂಗಿ. ಏನಾಗಿದೆ ಎಂದು ಆಕೆಗೆ ತಿಳಿದಿರಲಿಲ್ಲ.

"ಮೊದ್ಲು ನೀರು ಕುಡಿ" ಎಂದ ಷಡಕ್ಷರಿ. ಅವನು ಕುಡಿದ.

"ಕೊಲ್ಲೋಕೇ ಹೋಗಿದ್ಯಾ?"

"ಹೆಸರು ತೆಗೆಯಾಕೆ ಹೋಗಿದ್ದೆ ಬುದ್ಧಿ. ದುಡ್ಡು ಕೊಟ್ಟೋರ ಮಕ್ಕಳ ಹೆಸರು ಕಲ್ಲಲ್ಲಿ ಬರ್ತದೆ ಅಂದಿದ್ರು ಲಕ್ಷ್ಮೀಕಾಂತಣ್ಣ. ಮಗಳು ಕುಣಿದ್ಬುಟ್ಲು. ಅಪ್ಪಾ, ದಿನಾ ನನ್ ಹೆಸರು ಓದ್ಕೊಂಡೇ ಒಳಕ್ ಹೋಗ್ತೀನಿ ಅಂದ್ಲು. ಕೈ ಎತ್ತಿದೆ. ಎರಡು ತಿಂಗಳಿಗೆ ಅವಳೇ ಇಲ್ಲ. ಆ ಕಮಾನಿಗೆ ಅವಳ ಹೆಸರು ಬೇಡ ಅಂತ ಹೋದೆ."

"ಆಮೇಲೆ?"

"ಓದಾಕ್ ಬರಲ್ಲ, ಅವಳ ಹೆಸರೊಂದು ಗುರ್ತು ಸಿಗ್ತದೆ. ಕೆತ್ತಿ ತೆಗ್ದು ಮುಗ್ಸಿದ್ದೆ. ಅವ್ರು ಬಂದ್ರು, ಅತ್ಬುಟ್ರು. ತಬ್ಕೊಂಡು, ಮತ್ತೆ ಕೆತ್ತಿಸ್ತೀನಿ ಕಣೋ, ಮಗು ಇನ್ಮೇಲೆ ಇಲ್ಲೇ ಇರ್ತಾಳೆ ಅಂದ್ರು. ಕೈಲಿ ಸುತ್ತಿಗೆ ಇತ್ತು."

ಪಂಚರ ಎದುರು ಅವನ ಬಳಿಯಿದ್ದುದನ್ನು ಬರೆದುಕೊಂಡರು. ಉಳಿ ಒಂದು. ಟವೆಲಿನ ಗಂಟು ಒಂದು. ಬಿಚ್ಚಿದರೆ ಕಪ್ಪು ಕಲ್ಲಿನ ಪುಡಿ, ಚೂರು; ಒಂದಿಷ್ಟೂ ಬಿಡದೆ ನೆಲದಿಂದ ಬಾಚಿಕೊಂಡಿದ್ದು.

"ಇದ್ಯಾಕೆ ತಂದೆ?"

"ಅಲ್ಲಿ ಹೆಂಗ್ ಬುಡ್ಲಿ ಬುದ್ಧಿ? ಅವಳ ಹೆಸರಲ್ವಾ?"

ಐದು ಹತ್ತಕ್ಕೆ ಬಂಧನದ ಕಾಗದಕ್ಕೆ ಅವನು ಹೆಬ್ಬೆಟ್ಟು ಒತ್ತಿದ. ಗುಬ್ಬಿಗೆ ಮರಳುವ ದಾರಿಯುದ್ದಕ್ಕೂ ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡೇ ಕೂತಿದ್ದ. ಹೊಡೆದ ಕೈಗೆ ಅಂಜುತ್ತಿದ್ದಾನೆ ಎಂದುಕೊಂಡ ಅಫ್ತಾಬ್. ಮೀಟಿಂಗಿನಲ್ಲಿ ಎತ್ತಿದ್ದೂ ಅದೇ ಕೈ ಎಂಬುದು ಷಡಕ್ಷರಿಗೆ ಹೊಳೆದಿತ್ತು. ಠಾಣೆಯಲ್ಲಿ ಕಾರಣ ಬರೆಯುವ ಜಾಗದಲ್ಲಿ 'ದ್ವೇಷ' ಎಂದು ಬರೆದ, ಹೊಡೆದುಹಾಕಿದ. ಮೃತನ ಮೇಲೆ ಆರೋಪಿಗೆ ದ್ವೇಷವಿರಲಿಲ್ಲ ಎಂದಷ್ಟೇ ಬರೆದು, ಟವೆಲಿನ ಗಂಟಿಗೆ ತಾನೇ ಅರಗು ಹಾಕಿದ.