ಶಲವಡಿಯ ಸರ್ವರ್ ಕಾವಲುಗಾರ

ಸಹೃದಯ ವಾಚಕ ಮಹಾಶಯರೇ, ನಂಬುವುದೂ ಬಿಡುವುದೂ ತಮ್ಮ ಚಿತ್ತ, ಕಂಡದ್ದನ್ನಷ್ಟೇ ಅರುಹುತ್ತೇನೆ.

ಊರೂರು ಅಲೆದು ವೆಬ್‌ಸೈಟುಗಳಿಗೆ ಹತ್ತಿದ ಮಾಲ್‌ವೇರ್ ತೆಗೆಯುವುದು ನನ್ನ ಕಸುಬು. ಶಲವಡಿಯ ಸಿದ್ಧಾರೂಢ ಸುತ್ತಲಿನ ವ್ಯಾಪಾರಿಗಳ ವೆಬ್‌ಸೈಟುಗಳನ್ನು ತನ್ನ ಸರ್ವರಿನಲ್ಲಿ ನಡೆಸುತ್ತಿದ್ದ. ಅದರ ಕಾವಲಿಗಿದ್ದವನು ಇನಾಯತ್. ಪುಕ್ಕಟೆ ಸಿಕ್ಕ ಕಳ್ಳ ಸಾಫ್ಟ್‌ವೇರ್ ಹಾಕಿ ದಾಳಿಗೆ ಬಾಗಿಲು ತೆರೆದವನು ಸಿದ್ಧಾರೂಢನೇ. ವ್ಯಾಪಾರಿಗಳ ಹಣ ಕಳುವಾದಾಗ ಕಳ್ಳನೆಂಬ ಹೆಸರು ಮಾತ್ರ ಇನಾಯತನಿಗೆ ಬಂತು. ಆ ಅವಮಾನದಲ್ಲೇ ಅವನು ತೀರಿಕೊಂಡ.

ಈಗ ಹೆಬ್ಬೆರಳೊತ್ತಿ ತೆರೆಯಬೇಕಾದ ಆ ಸರ್ವರ್ ಸಿದ್ಧಾರೂಢನ ಬೆರಳಚ್ಚನ್ನು ಒಪ್ಪುತ್ತಿರಲಿಲ್ಲ; ದಂಧೆಯೇ ಮುಳುಗುವಂತಾಗಿ ನನ್ನನ್ನು ಕರೆಸಿದ್ದ. ನಡುಮಧ್ಯಾಹ್ನ, ಏಸಿ ಆರಿದ್ದರೂ ಸರ್ವರ್ ಕೋಣೆಯಲ್ಲಿ ಚಳಿ ಕೊರೆಯುತ್ತಿತ್ತು. ಎಲ್ಲಿಂದಲೋ ಲೋಬಾನ ಧೂಪದ ವಾಸನೆ. ಎಷ್ಟು ಹುಡುಕಿದರೂ ಮಾಲ್‌ವೇರ್ ಸಿಗಲಿಲ್ಲ. ಪರದೆಯ ಮೇಲೆ ಒಂದೇ ಸಾಲು: ‘ಕಳ್ಳನನ್ನು ತಡೆದಿದ್ದೇನೆ. ಇನಾಯತ್.’ ಅಳಿಸಿದೆ, ಮತ್ತೆ ಮೂಡಿತು. ನೆಟ್‌ವರ್ಕ್ ವೈರನ್ನೇ ಕಿತ್ತೆ; ಆಗಲೂ ಮೂಡಿತು.

“ಸತ್ತಾಂವ ಹೆಂಗ ಕಾವಲ ಕಾಯ್ತಾನ್ರಿ? ಅಂವನ ಹೆಸರ ತೆಗೀರಿ ಮೊದಲ!” ಎಂದು ಸಿದ್ಧಾರೂಢ ಗದರಿದ.

“ತೆಗದೇನ್ರಿ, ಹೋಗವಲ್ದು. ನಿಮ್ಮ ಹೆಬ್ಬಟ್ಟ ತೋರಸ್ರಿ.”

ಅವನ ಹೆಬ್ಬೆರಳು ಉಜ್ಜಿದ ಗಾಜಿನಂತೆ ನುಣುಪಾಗಿತ್ತು; ಒಂದು ಗೆರೆಯೂ ಇರಲಿಲ್ಲ.

“ನಿನ್ನಿ ಇದೊಂದ ಹಿಂಗಾಗಿತ್ರಿ,” ಎಂದು ಅವನು ಕೈ ಬಿಚ್ಚಿದ. ಬೆರಳುಗಳೆಲ್ಲ ಬೋಳು. ಅಂಗೈಯ ರೇಖೆಗಳು ನೋಡನೋಡುತ್ತ ಮಾಸುತ್ತಿದ್ದವು.

ನಾನು ಚೀಲ ಕಟ್ಟಿಕೊಂಡು ಅಣ್ಣಿಗೇರಿಯ ಬಸ್ಸು ಹತ್ತಿದೆ.