ಪೋರ್ತೋದಿಂದ ಎರಡೂವರೆ ಗಂಟೆ

ಲಕ್ಸೆಂಬರ್ಗಿನ ಕಟ್ಟಡದ ಕೆಲಸಕ್ಕೆ ಮರಳುತ್ತಿದ್ದ ಅಮಾದೆವು ಪೋರ್ತೋ ವಿಮಾನ ನಿಲ್ದಾಣದ ಬಾಗಿಲಲ್ಲಿ ಚೀಲ ಕೆಳಗಿಟ್ಟ. ಅವನ ಹುಡುಗಿ ದೆಲ್ಫೀನಾ ಹಳೆಯ ಚರ್ಚಿನ ಗೋಡೆಯ ನೀಲಿ ಟೈಲ್ಸ್ ರಿಪೇರಿ ಮಾಡುವವಳು. ಬೀಳ್ಕೊಡಲು ಬಂದಾಗಲೆಲ್ಲ ಅವಳ ಮೂಗಿಗೆ ಅಂಟಿದ ಸುಣ್ಣದ ಪುಡಿಯನ್ನು ಒರೆಸಿ ರೇಗಿಸುವುದು ಅವನ ರೂಢಿ. ಇವತ್ತು ಒರೆಸಲಿಲ್ಲ.

"ಮುಂದಿನ ತಿಂಗಳು ನಾನು ಬರಲ್ಲ," ಅಂದ.

"ಕೆಲಸ ಜಾಸ್ತಿಯಾ?"

"ಮೂರು ವರ್ಷದಲ್ಲಿ ಇಪ್ಪತ್ತಾರು ಸಲ ಬಂದಿದೀನಿ. ನೀನು ಒಂದೇ ಒಂದ್ಸಲ ಲಕ್ಸೆಂಬರ್ಗಿಗೆ ಬಂದಿದೀಯಾ? ಸಾವಿರದ ಐನೂರು ಕಿಲೋಮೀಟರ್, ಎರಡೂವರೆ ಗಂಟೆ. ನಿಮ್ಮಮ್ಮ ಮೀನು ಬೇಯಿಸೋಕೆ ಅದಕ್ಕಿಂತ ಹೆಚ್ಚು ಹೊತ್ತು ತಗೋತಾರೆ."

ದೆಲ್ಫೀನಾಗೆ ನಗು ಬಂತು. ಅವನ ಕಣ್ಣು ನೋಡಿ ನುಂಗಿಕೊಂಡಳು.

"ಚರ್ಚಿನ ಕೆಲಸ ಮುಗೀಲಿ..."

"ಹೋದ ವರ್ಷವೂ ಇದನ್ನೇ ಹೇಳಿದ್ದೆ. ನಾನು ಬೇಡ ಅನಿಸಿದ್ರೆ ಬಾಯಿಬಿಟ್ಟು ಹೇಳಿಬಿಡು."

ಅವಳಿಗೆ ವಿಮಾನವೆಂದರೆ ಭಯ. ಗುಟ್ಟಾಗಿ ಎರಡು ಸಲ ಟಿಕೆಟ್ ತೆಗೆದಿದ್ದಳು. ಎರಡು ಸಲವೂ ಗೇಟಿನವರೆಗೆ ಹೋಗಿ, ಬೆವತು ಹಿಂದಿರುಗಿದ್ದಳು. ದಿನವೂ ಮೂವತ್ತು ಅಡಿ ಎತ್ತರದ ಅಟ್ಟಣಿಗೆ ಹತ್ತುವವಳು ಹೀಗೆಂದರೆ ಯಾರು ನಂಬುತ್ತಾರೆ?

ಅವನು ತಿರುಗಿ ನೋಡದೆ ಒಳಗೆ ಹೋದ.

ಹತ್ತು ದಿನ ಫೋನಿಲ್ಲ. ಹನ್ನೊಂದನೆಯ ದಿನ ಒಂದು ಮೆಸೇಜ್ ಬಂತು: "ಇಲ್ಲೇ ಇನ್ನೆರಡು ವರ್ಷ ಮೇಸ್ತ್ರಿ ಕೆಲಸ ಕೊಡ್ತಾರಂತೆ. ಸೋಮವಾರದೊಳಗೆ ಸಹಿ ಹಾಕಬೇಕು."

ಗುರುವಾರ ಬೆಳಗ್ಗೆ ರಜೆ ಹಾಕಿ ದೆಲ್ಫೀನಾ ಬಸ್ಸು ಹತ್ತಿದಳು. ಸ್ಪೇನ್ ದಾಟಿ, ಫ್ರಾನ್ಸ್ ದಾಟಿ ಮೂವತ್ತು ಗಂಟೆ. ಶುಕ್ರವಾರ ಸಂಜೆ ಲಕ್ಸೆಂಬರ್ಗಿನಲ್ಲಿ ಇಳಿದಾಗ ಪಾದಗಳು ಬಾತು ಶೂ ಬಿಗಿಯಾಗಿದ್ದವು.

ಅವಳು ಫೋನ್ ಮಾಡಿದ ಮೇಲೆ ಅಮಾದೆವು ಸಿಮೆಂಟು ಮೆತ್ತಿದ ಬೂಟಿನಲ್ಲೇ ಓಡಿ ಬಂದ.

"ಬಸ್ಸಲ್ಲಾ? ನಿನಗೇನು ಹುಚ್ಚಾ? ವಿಮಾನ ಇರಲಿಲ್ವಾ?"

"ಇತ್ತು. ನನಗೆ ಹತ್ತೋಕಾಗಲ್ಲ, ಭಯ. ಎರಡು ಸಲ ಗೇಟಿಂದ ವಾಪಸ್ ಹೋಗಿದೀನಿ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಎರಡೂವರೆ ಗಂಟೆ ಅಂತ ಅಷ್ಟು ಸಲೀಸಾಗಿ ಅಂತಿದ್ದೆ. ನಾಚಿಕೆಯಾಯ್ತು."

ಅವನು ಪಕ್ಕದ ಬೆಂಚಿನ ಮೇಲೆ ಕುಸಿದು ಕೂತ. ಮೆಲ್ಲಗೆ ಹೇಳಿದ: "ನಿನಗೆ ನಾನು ಬೇಡ ಅಂದ್ಕೊಂಡು ನಿನ್ನೆನೇ ಸಹಿ ಹಾಕಿಬಿಟ್ಟೆ, ದೆಲ್ಫೀನಾ."

ಎರಡು ವರ್ಷ. ಅವಳಿಗೆ ಅಳು ಒತ್ತರಿಸಿ ಬಂತು. ಆದರೂ ಅವನ ಧೂಳು ಹಿಡಿದ ಕೈಯನ್ನು ಬಿಡಲಿಲ್ಲ.

"ನಾನು ಬರ್ತೀನಿ. ಬಸ್ಸಲ್ಲೇ. ಆದಾಗೆಲ್ಲ."

ಸೋಮವಾರ ಚರ್ಚಿನ ಕೆಲಸಕ್ಕೆ ಹಾಜರಾಗಬೇಕಿದ್ದರೆ ದೆಲ್ಫೀನಾ ಶನಿವಾರ ಮಧ್ಯಾಹ್ನವೇ ಹೊರಡಬೇಕಿತ್ತು. ಅಮಾದೆವು ಪ್ಯಾರಿಸ್‌ವರೆಗೆ ಟಿಕೆಟ್ ತೆಗೆದು ಅವಳ ಪಕ್ಕದಲ್ಲಿ ಕೂತ. ದಾರಿಯುದ್ದಕ್ಕೂ ಮಾತು, ನಡುನಡುವೆ ಜಗಳ, ಒಮ್ಮೆ ಇಬ್ಬರಿಗೂ ಅಳು. ಮೂರು ವರ್ಷದಲ್ಲಿ ಅವರು ಒಟ್ಟಿಗೆ ಪ್ರಯಾಣ ಮಾಡಿದ್ದೇ ಇಲ್ಲವೆಂದು ಅವಳಿಗೆ ಆಗಲೇ ಹೊಳೆದದ್ದು.

ಪ್ಯಾರಿಸ್ ಬಂತು. ಅವನು ಇಳಿದು ಕಿಟಕಿಯ ಕೆಳಗೆ ನಿಂತ. ಬಸ್ಸು ಸ್ಟಾರ್ಟ್ ಆಯಿತು. ಅಷ್ಟರಲ್ಲಿ ಅವನು ಬಾಗಿಲು ಬಡಿದು ಮತ್ತೆ ಒಳಗೆ ಹತ್ತಿದ.

"ಮುಂದಿನ ಸ್ಟಾಪ್ ಯಾವುದು?" ಡ್ರೈವರನ್ನು ಕೇಳಿದ.

"ಒರ್ಲೆಯಾನ್."

"ಅಲ್ಲಿವರೆಗೆ ಒಂದು ಟಿಕೆಟ್ ಕೊಡಿ."